ಬೀದಿಯ ಕೊನೆಯ ಮಗ್ಗ

ಕೊಳ್ಳೇಗಾಲದ ಮೇಘನಾ ಎರಡು ವರ್ಷದಿಂದ ಬ್ಲಾಗ್ ಬರೆಯುತ್ತಿದ್ದರೂ ಓದುವವರು ಇಪ್ಪತ್ತು ಮಂದಿ ದಾಟಿರಲಿಲ್ಲ. ತಾತ ಮುದ್ದಯ್ಯನ ರೇಷ್ಮೆ ನೇಯ್ಗೆಯ ಬಗ್ಗೆ ಬರೆದು, ‘ನಮ್ಮ ಬೀದಿಯ ಕೊನೆಯ ಕೈಮಗ್ಗ’ ಎಂದು ತಲೆಬರಹ ಕೊಟ್ಟ ವಾರದಲ್ಲೇ ಸಾವಿರಾರು ಜನ ಓದಿದರು. ಸೀರೆ ಕೊಳ್ಳುವವರು ಮೈಸೂರಿನಿಂದ ತಾತನನ್ನು ಹುಡುಕಿಕೊಂಡು ಬಂದರು. ಮೂರು ಮನೆಯಾಚೆ ಬನಶಂಕರಮ್ಮ ಇನ್ನೂ ಕೈಮಗ್ಗದಲ್ಲಿ ನೇಯುತ್ತಿದ್ದದ್ದು ಬರೆಯುವಾಗಲೂ ಮೇಘನಾಗೆ ಗೊತ್ತಿತ್ತು. ‘ಕೊನೆಯ’ ಎಂದರೆ ಜನ ನಿಂತು ಓದುತ್ತಾರೆ ಎಂದುಕೊಂಡಿದ್ದಳು.

“ಬಂದೋರು ನಮ್ಮನೆ ದಾಟ್ಕಂಡೇ ಒಂಟೋದ್ರು ಕಣವ್ವ,” ಎಂದರು ಬನಶಂಕರಮ್ಮ, ನಲ್ಲಿಯ ಹತ್ತಿರ ಸಿಕ್ಕಾಗ. “ಬೇರೆ ಮಗ್ಗ ಇಲ್ಲಾಂತ ನೀನೇ ಬರ್ದಿದ್ದೀಯಂತೆ. ನಾನೇನ್ ಸತ್ತೋಗಿದ್ನಾ?”

ಮೇಘನಾ ಅಂದೇ ತಲೆಬರಹ ತಿದ್ದಿದಳು. ಅಷ್ಟರಲ್ಲಿ ಹಳೆಯದು ಎಷ್ಟೋ ಫೋನುಗಳಿಗೆ ಹೋಗಿತ್ತು. ತಿದ್ದಿದ್ದನ್ನು ಹೇಳಲು ಅವರ ಮನೆಗೆ ಹೋದಾಗ ಬನಶಂಕರಮ್ಮ ಮಗ್ಗ ನಿಲ್ಲಿಸದೆಯೇ “ಕೂತ್ಕ” ಎಂದರು. ಅವಳು ಬಾಗಿಲಲ್ಲೇ ನಿಂತಳು.