ದೋಣಿಗಿಟ್ಟ ದೃಷ್ಟಿಬೊಟ್ಟು

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೂ ಇದನ್ನು ಬರೆಯಲೇಬೇಕು. ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನಲ್ಲಿರುವ ಮಗಳ ಮನೆಗೆ ಹೋಗಿ, ಮೂರು ವರ್ಷ ಫೋನಿನಲ್ಲಷ್ಟೇ ನೋಡಿದ್ದ ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಆದ ಸಂತೋಷ ನನ್ನ ಎದೆಯಲ್ಲಿ ಹಿಡಿಸಲಿಲ್ಲ. ಈಗಲೂ ಹಿಡಿಸುತ್ತಿಲ್ಲ. ಆ ಸಂತೋಷದಲ್ಲೇ ಮಾಡಬಾರದ್ದನ್ನು ಮಾಡಿದೆ.

ಅದು ಬಾಡಿಗೆ ಮನೆ. ಒಡತಿ ವಯಸ್ಸಾದ ಸ್ವೀಡಿಷ್ ಹೆಂಗಸು, ಕೆಳಗಿನ ಮಹಡಿಯಲ್ಲಿದ್ದರು. ನಮ್ಮ ಸೋಫಾದ ಮೇಲ್ಗಡೆ ಅವರ ಮನೆತನದ ಎಣ್ಣೆಬಣ್ಣದ ಚಿತ್ರವೊಂದಿತ್ತು. ಇಟಲಿ ಕಡೆಯ ಬಂದರಂತೆ, ನೂರೈವತ್ತು ವರ್ಷದ ಹಿಂದೆ ಬರೆದದ್ದಂತೆ. ನಾನು ಕುಮಟಾ ಕಡೆ ಕಡಲ ದಂಡೆಯಲ್ಲಿ ಬೆಳೆದವಳು. ಆ ಚಿತ್ರದಲ್ಲಿ ಒಂದೂ ಸುಳ್ಳಿರಲಿಲ್ಲ. ತೇಪೆ ಹಾಕಿದ ಹಾಯಿ, ಬಲೆ ಹೊಲಿಯುವವನು ಹಲ್ಲಲ್ಲಿ ಕಚ್ಚಿದ ದಾರ, ಮೀನಬುಟ್ಟಿ ಹೊತ್ತವಳ ಕುತ್ತಿಗೆಯ ನರ, ಎಲ್ಲ ಇದ್ದ ಹಾಗೇ.

ದಿನಾ ಸ್ನಾನ ಮಾಡಿಸಿ ಮಗುವಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಡುತ್ತಿದ್ದೆ. ಒಂದು ದಿನ ಅವಳು ಚಿತ್ರದ ದೊಡ್ಡ ದೋಣಿ ತೋರಿಸಿ, "ಅಮ್ಮಮ್ಮ, ಅದಕ್ಕೂ" ಎಂದಳು. ಸದಾ ಸ್ವೀಡಿಷಿನಲ್ಲೇ ಉತ್ತರ ಕೊಡುವ ಮಗು ಕನ್ನಡದಲ್ಲಿ ಕೇಳಿತಲ್ಲ ಎಂದು ಹಿಗ್ಗಿ, ದೋಣಿಯ ಮೂತಿಗೊಂದು ಬೊಟ್ಟು ಇಟ್ಟೇಬಿಟ್ಟೆ. ಹರಳೆಣ್ಣೆ ಕಾಡಿಗೆ, ಒರೆಸಿದಷ್ಟೂ ಹರಡಿತು.

ಶನಿವಾರ ಕಾಫಿಗೆ ಬಂದ ಒಡತಿ ಅದನ್ನು ಕಂಡರು. ಮಗಳ ಮುಖ ಬಿಳುಚಿತು.

"ಅಮ್ಮ, ಅದು ಒರಿಜಿನಲ್ ಪೇಂಟಿಂಗ್. ಅವರ ಮುತ್ತಜ್ಜಂದು. ಯಾರು ಮಾಡಿದ್ದು?"

"ಮಗು ಸೋಫಾ ಹತ್ತಿತ್ತು, ನಾನು ನೋಡ್ಲಿಲ್ಲ," ಎಂದೆ.

ಮಗುವಾದರೆ ಯಾರೂ ಏನೂ ಅನ್ನುವುದಿಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ. ಮಗಳು ಅದನ್ನೇ ಸ್ವೀಡಿಷಿನಲ್ಲಿ ತಿಳಿಸಿದಳು. ಒಡತಿ ಗದರಲಿಲ್ಲ, ಚಿತ್ರ ಮುಟ್ಟಬಾರದೆಂದು ಮಗುವಿಗೆ ಮೆಲ್ಲಗೆ ಹೇಳಿದರು. ಮಗು ನನ್ನ ಮುಖ ನೋಡಿತು. ನಾನು ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮಾರನೆಯ ದಿನದಿಂದ ಮೊಮ್ಮಗಳು ಆ ಗೋಡೆಯ ಮುಂದೆ ಹಾಯುವಾಗೆಲ್ಲ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯತೊಡಗಿದಳು. ಎರಡು ದಿನ ನೋಡಿದೆ. ಮೂರನೆಯ ದಿನ ಅನ್ನದ ತಟ್ಟೆ ದೂರ ಸರಿಸಿದೆ.

"ನಾನೇ ಇಟ್ಟಿದ್ದು," ಎಂದೆ ಮಗಳಿಗೆ.

ಅವಳು ನನ್ನ ತಟ್ಟೆ ನೋಡಿದಳು. "ಚಿಕ್ಕವಳಿದ್ದಾಗ ಉಪ್ಪಿನಕಾಯಿ ಭರಣಿ ಒಡೆದು ಸುಳ್ಳು ಹೇಳ್ದೆ ಅಂತ ನಂಗೆ ಒಂದು ಹೊತ್ತು ಊಟ ಹಾಕಿರ್ಲಿಲ್ಲ ನೀನು. ಈಗ ನೀನೇ ಊಟ ಬಿಟ್ಟಿದೀಯ. ನಡಿ ಕೆಳಗೆ."

ಮಗುವನ್ನೂ ಕರೆದುಕೊಂಡು ಕೆಳಗಿಳಿದೆವು. ಮಗಳು ನನ್ನ ಮಾತನ್ನು ಸ್ವೀಡಿಷಿನಲ್ಲಿ ಹೇಳಿದಳು. ಇಂಥ ಚಿತ್ರ ಸ್ವಚ್ಛ ಮಾಡುವವರಿದ್ದಾರೆ ಎಂದರಂತೆ ಒಡತಿ, ಅಷ್ಟೇ. ಆಮೇಲೆ ಕುರ್ಚಿ ಹಿಡಿದು ಕಷ್ಟಪಟ್ಟು ಮಗುವಿನ ಮುಂದೆ ಮಂಡಿಯೂರಿ ಏನೋ ಹೇಳಿದರು.

"ಏನಂತೆ?"

"ಸುಮ್ನೆ ನಿನ್ನ ಮೇಲೆ ತಪ್ಪು ಹೊರಿಸ್ಬಿಟ್ಟೆ, ಕ್ಷಮಿಸು ಅಂತ ಪುಟ್ಟೀನ ಕೇಳ್ತಿದಾರೆ."

ತಪ್ಪೇ ಮಾಡದವರು ಕ್ಷಮೆ ಕೇಳಿಬಿಟ್ಟಿದ್ದರು. ನಾನು ಮಗಳಿಗೆ ಹೇಳಿದ್ದೆ, ಒಡತಿಗೆ ಹೇಳಿದ್ದೆ. ಮಗುವಿಗೆ ಹೇಳಬೇಕೆಂದು ಹೊಳೆದೇ ಇರಲಿಲ್ಲ. ಹಿರಿಯರು ಮಕ್ಕಳ ಹತ್ತಿರ ಹಾಗೆ ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡವಳಲ್ಲ. ನಾನೂ ನೆಲಕ್ಕೆ ಕೂತೆ. ಬಾಯಿಂದ ಮಾತು ಹೊರಡುವಷ್ಟರಲ್ಲಿ ಕಣ್ಣು ಮೂಗು ಒಂದಾಗಿತ್ತು.

"ತಪ್ಪಾಯ್ತು ಪುಟ್ಟಿ."

ಅವಳು ನನ್ನ ಸೆರಗಿನ ತುದಿಯಿಂದ ನನ್ನ ಮೂಗು ಒರೆಸಿ, ಕೈ ಹಿಡಿದು ಮೆಟ್ಟಿಲ ಕಡೆ ಎಳೆದಳು.