ಗೊಂಬೆಯಮ್ಮ ಹೊಲಿಯುವ ಎದೆಗೂಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ಮನೆಯಿಂದ ಮಾತ್ರ ಸದ್ದು ಬರುತ್ತಿದೆ: ಟಕ್, ಟಕ್, ಟಕ್. ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದ ಮೇಜಿನ ಮೇಲೆ ಬಟ್ಟೆಯ ಕೂಸೊಂದು ಅಂಗಾತ ಮಲಗಿದೆ. ಸೊಸೆ ಎರಡು ಬೆರಳಿಟ್ಟು ಅದರ ಎದೆ ಒತ್ತುತ್ತಾಳೆ. ಅತ್ತೆ ಕನ್ನಡಕವನ್ನು ಹಣೆಗೇರಿಸಿಕೊಂಡು, ಕಣ್ಣು ಮುಚ್ಚಿ ಗಟ್ಟಿಯಾಗಿ ಎಣಿಸುತ್ತಾರೆ. ನಡುವೆ ಒಂದು ಸಲ ಸದ್ದು ತಪ್ಪುತ್ತದೆ.

“ನಿಲ್ಲಿಸು. ಸೋಮಾರಿ ಕೂಸು ಇದು, ಬಿಚ್ಚಬೇಕು,” ಎನ್ನುತ್ತಾರೆ ಅತ್ತೆ.

ಇವರನ್ನು ಊರು ಕರೆಯುವುದು ಗೊಂಬೆಯಮ್ಮ ಎಂದು. ಉಸಿರು ನಿಂತ ಮಗುವಿಗೆ ಆಂಬುಲೆನ್ಸ್ ಬರುವ ತನಕ ಏನು ಮಾಡಬೇಕೆಂದು ತಾಯಂದಿರಿಗೆ, ಶಾಲಾ ವ್ಯಾನಿನ ಚಾಲಕರಿಗೆ, ಶಿಶುವಿಹಾರದ ಆಯಾಗಳಿಗೆ ಕಲಿಸುವ ತರಗತಿಗಳಿವೆಯಲ್ಲ, ಅಲ್ಲಿ ಮಲಗುವ ಗೊಂಬೆಗಳು ಇವರ ಕೈಯವು. ತರಗತಿ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ಗೊಂಬೆ ಇರುತ್ತದೆ, ಗೊಂಬೆಯಮ್ಮ ಇರುವುದಿಲ್ಲ.

ಗಂಡ ತೀರಿಕೊಂಡ ಮೇಲೆ ಕರಡಿ, ಮೊಲ, ಜಡೆಯ ಹುಡುಗಿ ಹೊಲಿದು ಮಗನನ್ನು ಸಾಕಿದವರು ಇವರು. ಪ್ಲಾಸ್ಟಿಕ್ ಆಟಿಕೆಗಳು ಬಂದು ಆ ಹೊಟ್ಟೆಪಾಡಿಗೂ ಕಲ್ಲು ಬಿತ್ತು. ಆಗ ಬಂದವರು ಆಸ್ಪತ್ರೆಯ ನರ್ಸ್ ಒಬ್ಬರು. ಅವರ ತರಗತಿಯಲ್ಲಿ ಇದ್ದದ್ದು ಒಂದೇ ಗೊಂಬೆ, ಅದೂ ಎದೆ ಬಿರಿದದ್ದು. ಅಂಥದ್ದೇ ಹೊಸದು ಹೊಲಿದುಕೊಡಿ ಎಂದರು. ಗೊಂಬೆಯಮ್ಮ ಒಪ್ಪಿಕೊಂಡು, ಇದ್ದಬದ್ದ ಕಲೆಯನ್ನೆಲ್ಲ ಸುರಿದು ಕೂಸು ಮಾಡಿದರು: ಗುಂಗುರು ಕೂದಲು, ಕೆಂಪು ಕೆನ್ನೆ, ಬಾಯ್ತುಂಬ ನಗು.

“ಅಕ್ಕಾ, ಇದನ್ನ ನೋಡಿದ್ರೆ ಎತ್ಕೊಂಡು ಮುದ್ದಾಡೋಣ ಅನ್ಸುತ್ತೆ. ಇದರ ಎದೆ ಒತ್ತೋಕೆ ಯಾರಿಗೆ ಮನಸ್ಸು ಬರುತ್ತೆ?” ಎಂದರಂತೆ ನರ್ಸ್.

“ನಾನು ಹೊಲಿದ ನಗೂನ ನಾನೇ ಬಿಚ್ಚಿದೆ. ಅವತ್ತು ಊಟ ಸೇರಲಿಲ್ಲ,” ಎನ್ನುತ್ತಾರೆ ಗೊಂಬೆಯಮ್ಮ.

ಈಗಿನ ಕೂಸುಗಳಿಗೆ ಮೂಗು, ಬಾಯಿ ಇವೆ, ನಗು ಇಲ್ಲ. ಎದೆಯೊಳಗೆ ಸ್ಪಂಜಿನ ನಡುವೆ ಅದುಮಿದರೆ ಸದ್ದು ಮಾಡುವ ಡಬ್ಬಿಯ ಮುಚ್ಚಳವಿದೆ. ಎದೆಯ ದಪ್ಪದಲ್ಲಿ ಮೂರರಲ್ಲೊಂದು ಪಾಲು ತಗ್ಗಿದರೆ ಮಾತ್ರ ಅದು ಟಕ್ ಎನ್ನುತ್ತದೆ. ಕುತ್ತಿಗೆಯೊಳಗೆ ಮೆತ್ತನೆಯ ಕೊಳವೆ. ತಲೆಯನ್ನು ತೀರಾ ಹಿಂದಕ್ಕೆ ಬಾಗಿಸಿದರೆ ಕೊಳವೆ ಮಡಚಿಕೊಳ್ಳುತ್ತದೆ, ನೇರವಾಗಿಟ್ಟು ಊದಿದರೆ ಎದೆ ಮೇಲೇಳುತ್ತದೆ. ತಿಂಗಳಿಗೆ ಹತ್ತು ಹನ್ನೆರಡು ಗೊಂಬೆ ತಯಾರಾಗುತ್ತವೆ. ಹೊಸಿಲು ದಾಟುವ ಮುನ್ನ ಪ್ರತಿಯೊಂದನ್ನೂ ಸೊಸೆ ಒತ್ತಿ ನೋಡಬೇಕು, ಅತ್ತೆ ಎಣಿಸಬೇಕು.

ಸೊಸೆಗೆ ಇದು ಸುತರಾಂ ಇಷ್ಟವಿರಲಿಲ್ಲ. “ಮನೆ ತುಂಬ ಹೆಣ ಮಲಗಿಸಿದ ಹಾಗೆ ಕಾಣೋದು. ಮಗು ಅಂಬೆಗಾಲಿಡೋ ತನಕ ನೋಡ್ತೀನಿ, ಆಮೇಲೆ ಒಂದೋ ಗೊಂಬೆ ಇರಬೇಕು, ಒಂದೋ ನಾನು ಅಂದಿದ್ದೆ,” ಎಂದು ಈಗ ನಗುತ್ತಾಳೆ. ಅತ್ತೆಗೂ ಆಗ ಒಳಗೊಳಗೇ ಒಂದು ಅಳುಕಿತ್ತು. “ಬಟ್ಟೆ ಮೇಲೆ ಕಲ್ತದ್ದು ಜೀವದ ಮೇಲೆ ನಡೆಯುತ್ತಾ ಅಂತ ನನಗೇ ಅನುಮಾನ. ಯಾರನ್ನ ಕೇಳೋದು?”

ಉತ್ತರ ಅವರ ಮನೆಗೇ ಬಂತು. ಮೊಮ್ಮಗಳಿಗೆ ಎಂಟು ತಿಂಗಳು. ಒಂದು ಮಧ್ಯಾಹ್ನ, ಆಡಲು ಬಂದ ನೆಂಟರ ಮಗು ಅವಳ ಬಾಯಿಗೆ ಸೇಬಿನ ಹೋಳು ಇಟ್ಟಿತು. ಕೂಸು ಕೆಮ್ಮಲಿಲ್ಲ, ಅಳಲಿಲ್ಲ. ತುಟಿ ನೀಲಿಗಟ್ಟಿತು.

“ಅಷ್ಟೊಂದು ಕೂಸಿನ ಎದೆ ಹೊಲಿದ ಕೈ ಅಲ್ಲಾಡಲೇ ಇಲ್ಲ. ಕಂಬದ ಹಾಗೆ ನಿಂತುಬಿಟ್ಟೆ,” ಎನ್ನುತ್ತಾರೆ ಗೊಂಬೆಯಮ್ಮ.

ಸೊಸೆ, ಗೊಂಬೆ ಒತ್ತಿ ನೋಡಲೆಂದು ನರ್ಸ್ ಬಳಿ ಕಲಿತಿದ್ದಂತೆಯೇ, ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಅಂಗೈಯ ಬುಡದಿಂದ ಬೆನ್ನಿಗೆ ಐದು ಪೆಟ್ಟು ಕೊಟ್ಟಳು. ತಿರುಗಿಸಿ ಎದೆಗೆ ಐದು ಸಲ ಒತ್ತಿದಳು. ಮತ್ತೆ ಅದೇ. ಹೋಳು ಬರಲಿಲ್ಲ, ಮಗು ಜೋಲು ಬಿತ್ತು. ಪಕ್ಕದ ಮನೆಯವರು ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಂತೆ, ಅವಳು ಮಗಳನ್ನು ಗೊಂಬೆ ಮಲಗುವ ಮೇಜಿನ ಮೇಲೆ ಮಲಗಿಸಿ ಎದೆಯ ನಡುವೆ ಎರಡು ಬೆರಳಿಟ್ಟಳು. ಆಗ ಅತ್ತೆಯ ಬಾಯಿ ತಾನಾಗಿ ತೆರೆಯಿತು: ಒಂದು, ಎರಡು, ಮೂರು.

“ಮಗು ಎದೆ ಟಕ್ ಅನ್ನಲ್ಲ. ಆದ್ರೆ ಎಷ್ಟು ಒತ್ತಿದ್ರೆ ಟಕ್ ಅನ್ನುತ್ತೆ ಅಂತ ಬೆರಳಿಗೆ ಗೊತ್ತಿತ್ತು,” ಎನ್ನುತ್ತಾಳೆ ಸೊಸೆ. “ಅತ್ತೆ ಎಣಿಸ್ತಾ ಇದ್ರು, ನಾನು ಒತ್ತುತ್ತಾ ಇದ್ದೆ. ದಿನಾ ಮಾಡೋದೇ ಅಲ್ವಾ.”

ಮೂವತ್ತಕ್ಕೆ ಬಾಯಿ ತೆರೆದು ನೋಡಿದರೆ ಹೋಳು ಮೇಲಕ್ಕೆ ಬಂದು ಕಾಣುತ್ತಿತ್ತು. ತೆಗೆದು, ಮೆಲ್ಲಗೆ ಎರಡು ಸಲ ಉಸಿರು ಕೊಟ್ಟಳು. ಎದೆ ಎದ್ದಿತು. ಬೆನ್ನಿಗೇ ಬಂದ ಅಳು ಬೀದಿಗೆಲ್ಲ ಕೇಳಿಸಿತಂತೆ. ಆಸ್ಪತ್ರೆಯವರು ಒಂದು ರಾತ್ರಿ ಇಟ್ಟುಕೊಂಡು, ಮಗು ಕಲ್ಲುಗುಂಡಿನ ಹಾಗಿದೆ ಎಂದು ಕಳಿಸಿದರು. ಆ ಅಳು ನೆನೆದು ಗೊಂಬೆಯಮ್ಮ ಈಗಲೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಗೊಂಬೆಗಳನ್ನು ಹೊರಹಾಕುವ ಮಾತು ಅಂದಿಗೇ ಮುಗಿಯಿತು. ಸೊಸೆ ಈಗ ನರ್ಸ್ ಜೊತೆ ನಿಂತು ತಾನೇ ಕಲಿಸುತ್ತಾಳೆ. ಕೈ ಮತ್ತೆ ಕಂಬವಾಗಬಾರದೆಂದು ಗೊಂಬೆಯಮ್ಮನೂ ತರಗತಿಗೆ ಸೇರಿದ್ದಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ. “ಅತ್ತೆಗೆ ಎಲ್ಲರೆದುರು ‘ಇನ್ನೂ ಜೋರಾಗಿ ಒತ್ತಿ’ ಅನ್ನೋ ಭಾಗ್ಯ ಯಾವ ಸೊಸೆಗಿದೆ ಹೇಳಿ?” ಎಂದು ಸೊಸೆ ಕಣ್ಣು ಮಿಟುಕಿಸುತ್ತಾಳೆ.

ಬಿಸಿಲು ಮೇಜಿಗೆ ಬಂದಿದೆ. ಎರಡು ವರ್ಷದ ಮೊಮ್ಮಗಳು ನೆಲದ ಮೇಲೆ ಕೂತು ಬಟ್ಟೆ ಚೂರುಗಳನ್ನು ಹರಡಿಕೊಂಡಿದ್ದಾಳೆ. ಗೊಂಬೆಯಮ್ಮ ಶಿಶುವಿಹಾರವೊಂದರಿಂದ ರಿಪೇರಿಗೆ ಬಂದ ಹಳೆಯ ಕೂಸನ್ನು ಬೆಳಕಿಗೆ ಹಿಡಿಯುತ್ತಾರೆ. ಎದೆಯ ಬಟ್ಟೆ ಸವೆದು ಸ್ಪಂಜು ಇಣುಕುತ್ತಿದೆ.

“ಹೊಸದಾಗೇ ವಾಪಸ್ ಬಂದ್ರೆ ನನಗೆ ಸಂಕಟ,” ಎನ್ನುತ್ತಾ ಸೂಜಿಗೆ ದಾರ ಪೋಣಿಸುತ್ತಾರೆ. “ಇದನ್ನ ನೋಡಿ, ಎಷ್ಟು ಜನ ಒತ್ತಿರಬೇಕು. ಎಲ್ಲಾ ಹೀಗೇ ಹರಿದು ಬರಲಿ. ಹೊಲಿಯೋಕೆ ನಾನಿದ್ದೀನಿ.”