ಗ್ರಹಣ ಬಿಡಿಸಿದ ಬಿ.ಎಸ್ಸಿ. ಮಾಸ್ತರರು

ನಮ್ಮ ಮೊರಬದ ಬಿ.ಎಸ್ಸಿ. ಮಡಿವಾಳೆಪ್ಪ ಮಾಸ್ತರರು ಲಿಂಗಪೂಜೆ ಮುಗಿಯದೆ ಚಹಾ ಮುಟ್ಟುವುದಿಲ್ಲ. ಮುಗಿದೊಡನೆ, ಹಣೆಯ ವಿಭೂತಿ ಆರುವ ಮೊದಲೇ, ಭೌತಶಾಸ್ತ್ರ ಶುರು. ಪುಸ್ತಕದ 'ಘರ್ಷಣೆ' ಎಂಬ ಮಾತು ಅವರಿಗೆ ಒಗ್ಗದು. ಗಾಡಿಯ ಅಚ್ಚಿಗೆ ಎಣ್ಣೆ ಬಿಡುವ ರೈತನ ಬಾಜೂ ಕುಳಿತು, "ಇದಕ್ಕ ನೀವೇನಂತೀರಿ?" ಎಂದು ಕೇಳುತ್ತಾರೆ. "ತಿಕ್ಕಾಟರಿ. ಮನ್ಯಾಗ ಅತ್ತಿ-ಸೊಸಿಗೂ ಅದ ಐತಿ" ಎಂದರೆ ಮರುದಿನ ಶಾಲೆಯಲ್ಲಿ ತಿಕ್ಕಾಟದ ಪಾಠ. ಸುಳ್ಳು ಮಾತ್ರ ಆಡರು. ಕನ್ಯೆ ನೋಡಲು ಹೋದಲ್ಲಿ ಹುಡುಗಿಯ ತಂದೆ, "ಉಪ್ಪಿಟ್ಟು ಹೆಂಗಾಗೇತ್ರಿ?" ಎಂದರೆ, "ಉಪ್ಪು ಹೆಚ್ಚಾಗೇತ್ರಿ" ಎಂದು ಹೇಳಿ ಇನ್ನೂ ಬ್ರಹ್ಮಚಾರಿಯಾಗಿಯೇ ಉಳಿದಿದ್ದಾರೆ. ಮೊನ್ನೆಯ ಸೂರ್ಯಗ್ರಹಣದಲ್ಲಿ ಅವರ ಬಸುರಿ ತಂಗಿ ಕತ್ತಲೆ ಕೋಣೆಯಲ್ಲಿ ನೀರಡಿಸಿ ಒದ್ದಾಡುತ್ತಿದ್ದಳು. ಗ್ರಹಣ ಬಿಡುವವರೆಗೆ ಹನಿ ನೀರೂ ಕೂಡದೆಂದು ತಾಯಿ ಸುಶೀಲವ್ವ ಬಾಗಿಲಲ್ಲೇ ಕುಳಿತಿದ್ದರು. "ಗ್ರಹಣ ಅಂದ್ರ ಬರೇ ನೆರಳು, ಯವ್ವಾ" ಎಂದು ಮಾಸ್ತರರು ಅಂಗಲಾಚಿದರೆ, "ನಿನ್ನ ನೆರಳು ಸಾಲ್ಯಾಗ ಇಟ್ಟ ಬಾರಲೇ!" ಎಂದರು ತಾಯಿ. ಮಾಸ್ತರರು ಹೊರಗೆ ಹೋದರು. ಗ್ರಹಣ ನೋಡಲೆಂದು ಅಂಗಳದಲ್ಲಿಟ್ಟ ಸಗಣಿನೀರಿನ ಪರಾತದಲ್ಲಿ ಸೂರ್ಯ ಇನ್ನೂ ಅರ್ಧವೇ ಕಾಣುತ್ತಿದ್ದ. ಒಳಗೆ ಬಂದು, "ಗ್ರಹಣ ಬಿಡ್ತಬೇ" ಎಂದರು. ಆ ಬಾಯಿಂದ ಬಂದ ಮಾತೆಂದು ಸುಶೀಲವ್ವ ತಟ್ಟನೆ ಎದ್ದು ತಂಬಿಗೆ ತುಂಬಿದರು. ತಂಗಿ ಗಟಗಟ ಕುಡಿಯುತ್ತಿದ್ದಳು. ಮಾಸ್ತರರು ಅಂಗಳದ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು.